ಕರ್ನಲ್ ಮೊರಿಯಾರ್ಟಿಯ ಪತ್ರಗಳನ್ನು ನಾವು ಯಾರೂ ಓದಿಲ್ಲ

ಮಾನ್ಯ ಸಂಪಾದಕರೇ,

ಎರಡು ವಾರದ ಹಿಂದೆ ನಿಮ್ಮ ಓದುಗರ ಅಂಕಣದಲ್ಲಿ ಒಬ್ಬರ ಪತ್ರ ಬಂದಿತ್ತು. ಹಳೆಯ ಕಥೆಗಳ ಖಳನಾಯಕರನ್ನು ಹೀರೊ ಮಾಡಿ ಬರೆಯುವ ಪತ್ತೇದಾರಿ ಕಾದಂಬರಿಗಳು ಈಗ ಜಾಸ್ತಿಯಾಗಿವೆ, ಅವು ಮಕ್ಕಳ ಮನಸ್ಸು ಕೆಡಿಸುತ್ತವೆ, ಇದೆಲ್ಲ ಪಶ್ಚಿಮದ ಹೊಸ ಚಾಳಿ ಎಂದು ಅವರು ಬರೆದಿದ್ದರು. ಷರ್ಲಾಕ್ ಹೋಮ್ಸ್‌ನ ವೈರಿ ಪ್ರೊಫೆಸರ್ ಮೊರಿಯಾರ್ಟಿಯ ಹೆಸರನ್ನೇ ಉದಾಹರಣೆಗೆ ಕೊಟ್ಟಿದ್ದರು. ಅವರ ಕಾಳಜಿ ನನಗೆ ಅರ್ಥವಾಗುತ್ತದೆ. ನಾನೂ ಮೂವತ್ತು ವರ್ಷ ಮಕ್ಕಳ ನಡುವೆ ಇದ್ದವಳು. ಪಿಯು ಕಾಲೇಜಿನಲ್ಲಿ ಗಣಿತ ಹೇಳಿಕೊಟ್ಟವಳು. ಆದರೂ ಅವರ ಮಾತನ್ನು ಒಪ್ಪಲು ನನ್ನಿಂದ ಆಗುತ್ತಿಲ್ಲ. ಯಾಕೆ ಅಂತ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಉದ್ದವಾದರೆ ಕ್ಷಮಿಸಿ.

ಈ ಬೇಸಿಗೆ ರಜೆಯಲ್ಲಿ ಬೆಂಗಳೂರಿನಿಂದ ನನ್ನ ಮೊಮ್ಮಗಳು ಬಂದಿದ್ದಳು. ಒಂಬತ್ತನೇ ಕ್ಲಾಸು. ಬ್ಯಾಗಿನಲ್ಲಿ ಒಂದು ಇಂಗ್ಲಿಷ್ ಕಾದಂಬರಿ ತಂದಿದ್ದಳು. ಅಮೆರಿಕದ ಮೈಕಲ್ ಕರ್ಲೆಂಡ್ ಎಂಬುವರು ಬರೆದದ್ದು, 'ದಿ ಇನ್‌ಫರ್ನಲ್ ಡಿವೈಸ್' ಅಂತ. ಮೊದಲು ಅಚ್ಚಾದದ್ದು 1978ರಲ್ಲಿ. ಅಂದರೆ ಇದು ಈಗಿನ ಫ್ಯಾಶನ್ನೇನೂ ಅಲ್ಲ, ಸುಮಾರು ಅರ್ಧ ಶತಮಾನ ಹಳೆಯದು. ವಿಕ್ಟೋರಿಯಾ ರಾಣಿಯ ಕಾಲದ ಲಂಡನ್. ಗ್ಯಾಸ್ ದೀಪ, ಕುದುರೆ ಗಾಡಿ, ಮಂಜು. ಅಲ್ಲಿ ಮೊರಿಯಾರ್ಟಿಯೇ ನಾಯಕ. ಊರಿನಲ್ಲಿ ಏನೇ ಕೆಟ್ಟದ್ದು ನಡೆಯಲಿ, ಹೋಮ್ಸ್‌ಗೆ ಮೊದಲ ಅನುಮಾನ ಈ ಪ್ರೊಫೆಸರ್ ಮೇಲೇ. ಕೊನೆಗೆ ಇಬ್ಬರಿಗಿಂತ ದೊಡ್ಡ ದುಷ್ಟನೊಬ್ಬ ಎದುರಾದಾಗ ಇಬ್ಬರೂ ಒಂದೇ ಕಡೆ ನಿಲ್ಲಬೇಕಾಗುತ್ತದೆ. ಊಟವಾದ ಮೇಲೆ ಜಗಲಿಯಲ್ಲಿ ಕೂತು ಅವಳು ಗಟ್ಟಿಯಾಗಿ ಓದುತ್ತಿದ್ದಳು, ನಾನು ಹುರುಳಿಕಾಯಿ ಬಿಡಿಸುತ್ತಾ ಕೇಳುತ್ತಿದ್ದೆ. ಇಬ್ಬರೂ ತುಂಬಾ ನಕ್ಕೆವು. ಆ ಪ್ರೊಫೆಸರ್ ಪೂರಾ ಶುದ್ಧನೇನಲ್ಲ. ಕಾನೂನು ಮುರಿಯುತ್ತಾನೆ. ಅದನ್ನು ಪುಸ್ತಕ ಮುಚ್ಚಿಡುವುದೂ ಇಲ್ಲ.

ಮೂರನೇ ದಿನವೋ ಏನೋ ಅವಳು ಓದು ನಿಲ್ಲಿಸಿ ಕೇಳಿದಳು: "ಅಜ್ಜಿ, ಹಳೇ ಕಥೇಲಿ ಇವನು ಏನೇನು ಮಾಡಿದ್ದ ಅಂತ ಸರಿಯಾಗಿ ಹೇಳಿ." ನಾನು ಹೇಳಲು ಹೋದೆ. ಮಾತು ನಿಂತಿತು. ಕಾಲೇಜು ದಿನಗಳಲ್ಲಿ ಹೋಮ್ಸ್ ಕಥೆಗಳನ್ನೆಲ್ಲ ಓದಿದವಳು ನಾನು. ಮೊರಿಯಾರ್ಟಿ ಎಂದರೆ ಪಾತಕಿಗಳ ನೆಪೋಲಿಯನ್ ಎಂದು ಗೊತ್ತು. ಆದರೆ ಅವನು ಇಂಥ ದಿನ ಇಂಥದ್ದು ಮಾಡಿದ ಎಂದು ತೋರಿಸಲು ನನಗೆ ಒಂದೂ ನೆನಪಾಗಲಿಲ್ಲ.

ಮಾರನೇ ದಿನ ಕಪಾಟಿನಿಂದ ಹಳೇ ಸಂಪುಟ ತೆಗೆದೆ. ಮೊದಲಿಂದ ಓದಿದೆ, ಪೆನ್ಸಿಲ್ ಹಿಡಿದು.

ಮೊರಿಯಾರ್ಟಿ ಮೊದಲು ಬರುವುದು 1893ರ ಡಿಸೆಂಬರ್‌ನಲ್ಲಿ, ಸ್ಟ್ರಾಂಡ್ ಮಾಸಪತ್ರಿಕೆಯಲ್ಲಿ ಬಂದ 'ದಿ ಫೈನಲ್ ಪ್ರಾಬ್ಲಮ್' ಕಥೆಯಲ್ಲಿ. ಈ ಕಥೆಗಳನ್ನು ಬರೆದ ಆರ್ಥರ್ ಕಾನನ್ ಡಾಯ್ಲ್‌ಗೆ ಹೋಮ್ಸ್ ಸಾಕಾಗಿದ್ದ. ಐತಿಹಾಸಿಕ ಕಾದಂಬರಿ ಬರೆಯಬೇಕೆಂಬ ಆಸೆಗೆ ಈ ಪತ್ತೇದಾರ ಅಡ್ಡ ಬರುತ್ತಿದ್ದ. ಅವನನ್ನು ಕೊಲ್ಲಬೇಕು. ಆದರೆ ಹೋಮ್ಸ್‌ನನ್ನು ಸಾಮಾನ್ಯ ಕಳ್ಳ ಕೊಂದರೆ ಓದುಗರು ಒಪ್ಪುತ್ತಾರಾ? ಅದಕ್ಕೇ ಅವನ ಸಮಕ್ಕೆ ಬುದ್ಧಿ ಇರುವ ಒಬ್ಬ ಬೇಕಾಯಿತು. ಹಿಂದಿನ ಯಾವ ಕಥೆಯಲ್ಲೂ ಇಲ್ಲದ ಮನುಷ್ಯ ದಿಢೀರ್ ಅಂತ ಬಂದ, ಒಂದೇ ಕಥೆಯಲ್ಲಿ ಸತ್ತೂ ಹೋದ. ಹೋಮ್ಸ್ ಸತ್ತಿದ್ದಕ್ಕೆ ಓದುಗರಿಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಒಬ್ಬ ಹೆಂಗಸು "ಎಲೋ ಮೃಗವೇ" ಎಂಬ ಧಾಟಿಯಲ್ಲಿ ಪತ್ರ ಶುರು ಮಾಡಿದ್ದರು ಎಂದು ಡಾಯ್ಲ್ ತಮ್ಮ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. ಹೋಮ್ಸ್ 1903ರಲ್ಲಿ ಮರಳಿ ಬಂದ. ಪ್ರೊಫೆಸರ್‌ಗಾಗಿ ಯಾರೂ ಕಾಗದ ಬರೆದಂತೆ ಕಾಣುವುದಿಲ್ಲ.

ಕಥೆಯೊಳಗೆ ಮಾತ್ರ ಒಬ್ಬ ಬರೆದಿದ್ದ. ನೀವು ಪತ್ರಿಕೆಯವರು, ಇದು ನಿಮಗೆ ಇಷ್ಟವಾಗಬಹುದು. ಆ ಕಥೆ ಶುರುವಾಗುವುದೇ ಪತ್ರಿಕೆಗೆ ಬಂದ ಪತ್ರಗಳಿಂದ. ಹೋಮ್ಸ್‌ನ ಗೆಳೆಯ, ನಮಗೆ ಕಥೆ ಹೇಳುವ ಡಾಕ್ಟರ್ ವಾಟ್ಸನ್ ಹೇಳುತ್ತಾನೆ: ಈ ದುಃಖದ ವಿಷಯ ಬರೆಯುವ ಮನಸ್ಸೇ ನನಗಿರಲಿಲ್ಲ, ಆದರೆ ಕರ್ನಲ್ ಜೇಮ್ಸ್ ಮೊರಿಯಾರ್ಟಿ ತನ್ನ ಸತ್ತ ಸಹೋದರನ ಪರವಾಗಿ ಈಚೆಗೆ ಪತ್ರಗಳನ್ನು ಪ್ರಕಟಿಸಿದ್ದಾನೆ, ಆದ್ದರಿಂದ ನಿಜ ಹೇಳಲೇಬೇಕಾಯಿತು ಎಂದು. ಆ ಪತ್ರಗಳಲ್ಲಿ ಏನಿತ್ತು? ವಾಟ್ಸನ್ ಒಂದು ಸಾಲನ್ನೂ ನಮಗೆ ಕೊಡುವುದಿಲ್ಲ. ಅವು ಸುಳ್ಳು ಎಂದಷ್ಟೇ ಹೇಳಿ ಮುಂದೆ ಹೋಗುತ್ತಾನೆ. ಹದಿನೆಂಟರ ವಯಸ್ಸಿನಲ್ಲಿ ನಾನು ಈ ಸಾಲನ್ನು ಓದಿ ದಾಟಿಬಿಟ್ಟಿದ್ದೆ. ಈಗ ಅಲ್ಲೇ ನಿಂತುಬಿಟ್ಟೆ.

ವಾಟ್ಸನ್ ಒಳ್ಳೆಯ ಮನುಷ್ಯ, ಅನುಮಾನವಿಲ್ಲ. ಆದರೆ ಅವನು ಪ್ರೊಫೆಸರ್ ಜೊತೆ ಒಂದು ಮಾತೂ ಆಡಿಲ್ಲ. ವಿಕ್ಟೋರಿಯಾ ಸ್ಟೇಷನ್ನಿನಲ್ಲಿ ರೈಲು ಹೊರಟಾಗ ಒಬ್ಬ ಎತ್ತರದ ಮನುಷ್ಯ ಜನರನ್ನು ತಳ್ಳಿಕೊಂಡು, ಕೈ ಬೀಸುತ್ತಾ ಬರುವುದನ್ನು ಕಂಡ. ಸ್ವಿಟ್ಜರ್ಲೆಂಡಿನ ರೈಖನ್‌ಬಾಖ್ ಜಲಪಾತದ ಹತ್ತಿರ, ಹಸಿರು ಗುಡ್ಡದ ಮೇಲೆ ಬೇಗ ಬೇಗ ನಡೆದು ಹೋಗುವ ಒಂದು ಕಪ್ಪು ಆಕೃತಿಯನ್ನು ದೂರದಿಂದ ಕಂಡ. ಅಷ್ಟೇ. ಮೊರಿಯಾರ್ಟಿ ಹೋಮ್ಸ್‌ನ ಬೇಕರ್ ಸ್ಟ್ರೀಟಿನ ಮನೆಗೆ ಬಂದು ಬೆದರಿಸಿದ್ದು, ತಲೆಯನ್ನು ಹಾವಿನ ಹಾಗೆ ಆಡಿಸಿದ್ದು, ಲಂಡನ್ನಿನ ಅರ್ಧ ಪಾಪಕ್ಕೆ ಅವನೇ ಮೂಲವಾಗಿದ್ದು, ಎಲ್ಲವೂ ಹೋಮ್ಸ್ ಹೇಳಿದ್ದು. 1891ರ ಮೇ 4ರಂದು ಆ ಜಲಪಾತದ ಅಂಚಿನಲ್ಲಿ ಇಬ್ಬರೂ ಹೊಡೆದಾಡಿದಾಗ ಏನಾಯಿತು ಎಂಬುದೂ ಹೋಮ್ಸ್ ವಾಪಸ್ ಬಂದು ಹೇಳಿದ್ದೇ. ಬೇರೆ ಸಾಕ್ಷಿ ಇಲ್ಲ.

ಆಮೇಲೆ 'ದಿ ವ್ಯಾಲಿ ಆಫ್ ಫಿಯರ್' ಓದಿದೆ. 1914ರಿಂದ 15ರವರೆಗೆ ಧಾರಾವಾಹಿಯಾಗಿ ಬಂದ ಕಾದಂಬರಿ. ಅದರಲ್ಲಿ ಮ್ಯಾಕ್‌ಡೊನಾಲ್ಡ್ ಎಂಬ ಪೊಲೀಸ್ ಇನ್‌ಸ್ಪೆಕ್ಟರ್ ಬರುತ್ತಾನೆ. ಹೋಮ್ಸ್ ಪದೇ ಪದೇ ಈ ಪ್ರೊಫೆಸರ್ ಹೆಸರು ಹೇಳುತ್ತಾನಲ್ಲ ಎಂದು ಅವನು ತಾನೇ ಹೋಗಿ ನೋಡಿ ಬಂದಿದ್ದಾನೆ. ಮಾತು ಗ್ರಹಣದ ಕಡೆ ತಿರುಗಿತು. ಪ್ರೊಫೆಸರ್ ಒಂದು ದೀಪ, ಒಂದು ಗೋಲ ಇಟ್ಟುಕೊಂಡು ನಿಮಿಷದಲ್ಲಿ ಗ್ರಹಣ ಹೇಗಾಗುತ್ತದೆಂದು ತೋರಿಸಿದ. ಓದಲು ಪುಸ್ತಕ ಕೊಟ್ಟ. ಹೊರಡುವಾಗ ಹೆಗಲ ಮೇಲೆ ಕೈ ಇಟ್ಟ. ಅದು ತಂದೆ ಆಶೀರ್ವಾದ ಮಾಡಿದ ಹಾಗಿತ್ತು ಎನ್ನುತ್ತಾನೆ ಇನ್‌ಸ್ಪೆಕ್ಟರ್.

ಸಂಪಾದಕರೇ, ಈ ಪುಟ ಓದುವಾಗ ನನಗೆ ಕಣ್ಣು ತುಂಬಿ ಬಂತು. ದೀಪ ಮತ್ತು ಚೆಂಡು ಇಟ್ಟುಕೊಂಡು ಗ್ರಹಣ ತೋರಿಸುವುದು ನಾನು ಎಷ್ಟು ಸಲ ಮಾಡಿದ್ದೇನೆ. ಕ್ಲಾಸಿನ ಕಿಟಕಿಗೆ ಗೋಣಿಚೀಲ ಕಟ್ಟಿ ಕತ್ತಲು ಮಾಡಿ, ಟಾರ್ಚು ಹಿಡಿಯಲು ಒಬ್ಬ, ಟೆನಿಸ್ ಬಾಲು ಹಿಡಿಯಲು ಒಬ್ಬ. ನೆರಳು ಸರಿಯಾಗಿ ಬಿದ್ದ ಕೂಡಲೇ ಮಕ್ಕಳ ಬಾಯಿಂದ ಒಂದು "ಓ" ಬರುತ್ತದೆ. ಮೂವತ್ತು ವರ್ಷ ಆ "ಓ" ಕೇಳಲಿಕ್ಕೇ ನಾನು ಕಾಲೇಜಿಗೆ ಹೋಗಿದ್ದು. ಬೇಕಾದ್ದು ಹೇಳಲಿ, ಆ ಇನ್‌ಸ್ಪೆಕ್ಟರ್ ಕಂಡದ್ದು ಒಬ್ಬ ಒಳ್ಳೆಯ ಮೇಷ್ಟ್ರನ್ನು.

ಅದೇ ಪುಸ್ತಕದಲ್ಲಿ ಇನ್ನೊಂದು ಮಾತಿದೆ. ಹೋಮ್ಸ್ ಪ್ರೊಫೆಸರ್ ಕೋಣೆಗೆ ಮೂರು ಸಲ ಹೋಗಿದ್ದಾನಂತೆ. ಎರಡು ಸಲ ಏನೋ ನೆಪ ಹೇಳಿ ಕಾದು, ಅವನು ಬರುವ ಮೊದಲೇ ಎದ್ದು ಬಂದ. ಮೂರನೇ ಸಲದ್ದನ್ನು ಪೊಲೀಸರ ಮುಂದೆ ಹೇಳುವ ಹಾಗಿಲ್ಲ ಎನ್ನುತ್ತಾನೆ. ಆ ಸಲ ಅವನ ಕಾಗದಪತ್ರಗಳನ್ನೆಲ್ಲ ಜಾಲಾಡಿದ್ದಾನೆ. ಸಿಕ್ಕಿದ್ದೇನು? ಏನೂ ಇಲ್ಲ. ಏನೂ ಸಿಗದೇ ಇದ್ದದ್ದೇ ಆಶ್ಚರ್ಯ ಎನ್ನುತ್ತಾನೆ ಹೋಮ್ಸ್. ಅವನ ಹತ್ತಿರ ಉಳಿದ ಪುರಾವೆ ಒಂದು ಚಿತ್ರಪಟ. ವರ್ಷಕ್ಕೆ 700 ಪೌಂಡ್ ಸಂಬಳದ ಪ್ರೊಫೆಸರ್ ಮೇಜಿನ ಹಿಂದೆ ಫ್ರಾನ್ಸಿನ ಚಿತ್ರಕಾರ ಗ್ರೋಜ್ ಬರೆದ ಬೆಲೆಬಾಳುವ ಚಿತ್ರ ತೂಗುತ್ತಿದೆ. ದುಡ್ಡು ಎಲ್ಲಿಂದ ಬಂತು? ಇದು ಗಟ್ಟಿ ಪ್ರಶ್ನೆಯೇ. ನಾನು ಇಲ್ಲ ಅನ್ನುವುದಿಲ್ಲ. ಆದರೆ ಇದು ಪ್ರಶ್ನೆ, ಉತ್ತರ ಅಲ್ಲ. ಪರೀಕ್ಷೆಯಲ್ಲಿ ಹುಡುಗನೊಬ್ಬ ಮಧ್ಯದ ಹಂತಗಳನ್ನೆಲ್ಲ ಬಿಟ್ಟು ಕೊನೆಯ ಸಾಲಿನಲ್ಲಿ ಉತ್ತರ ಬರೆದರೆ, ಅದು ಸರಿಯಿದ್ದರೂ ನಾನು ಪೂರ್ತಿ ಅಂಕ ಕೊಡುತ್ತಿರಲಿಲ್ಲ.

ಹಾಗಂತ ನ್ಯಾಯವಾಗಿ ಇನ್ನೊಂದು ಕಡೆಯನ್ನೂ ಹೇಳಬೇಕು. ಪ್ರೊಫೆಸರ್ ಗುಂಪಿನವರ ಮೇಲೆ ಕೋರ್ಟಿನಲ್ಲಿ ವಿಚಾರಣೆ ನಡೆಯಿತು ಎಂದು ಕಥೆ ಹೇಳುತ್ತದೆ. ಜಲಪಾತದ ಹತ್ತಿರ ಹೋಮ್ಸ್ ಮೇಲೆ ಬಂಡೆ ಉರುಳಿಸಿದವರಿದ್ದರು. ಪ್ರೊಫೆಸರ್‌ನ ಬಲಗೈ ಕರ್ನಲ್ ಸೆಬಾಸ್ಟಿಯನ್ ಮೊರಾನ್ ಗಾಳಿ ಬಂದೂಕಿನ ಸಮೇತ ಸಿಕ್ಕಿಬಿದ್ದ. ಈ ಮೊರಾನ್‌ನ ಹಿಂದಿನ ಕೆಲಸ ಏನು ಗೊತ್ತಾ? ಹೋಮ್ಸ್ ತನ್ನ ಪಟ್ಟಿ ತೆಗೆದು ಓದುತ್ತಾನೆ: ಮೊದಲು ಒಂದನೇ ಬೆಂಗಳೂರು ಪಯೊನಿಯರ್ಸ್ ಪಡೆಯಲ್ಲಿದ್ದ ಎಂದು. ಅಂಥ ಪಡೆ ನಿಜವಾಗಿ ಇರಲಿಲ್ಲ, ಡಾಯ್ಲ್ ಕಲ್ಪಿಸಿದ್ದು. ಬೆಂಗಳೂರು ದಂಡಿನ ಊರು ಎಂದು ಲಂಡನ್ನಿನ ಓದುಗರಿಗೂ ಗೊತ್ತಿದ್ದ ಕಾಲ ಅದು. ನನ್ನ ಮೊಮ್ಮಗಳು ಈ ಸಾಲು ಕಂಡಾಗ ಕಿರುಚಿದ್ದು ಪಕ್ಕದ ಮನೆಗೆ ಕೇಳಿಸಿತು. ಬೆಂಗಳೂರಿನಲ್ಲಿ ಅವಳ ಮನೆ ಹಲಸೂರು ಕೆರೆಯ ಹತ್ತಿರ. ಮದ್ರಾಸ್ ಸ್ಯಾಪರ್ಸ್ ದಂಡಿನ ಗೋಡೆ ದಾಟಿಯೇ ಅವಳು ದಿನಾ ಸ್ಕೂಲಿಗೆ ಹೋಗುವುದು.

ಡಾಯ್ಲ್ ಮೊರಿಯಾರ್ಟಿಯನ್ನು ದುಷ್ಟನೆಂದೇ ಬರೆದರು. ಅದರಲ್ಲಿ ನನಗೆ ಸಂಶಯವಿಲ್ಲ. ಹೊಸ ಕಾದಂಬರಿ ಓದಿ ನನ್ನ ಮೊಮ್ಮಗಳಿಗೂ ಕಳ್ಳತನ ಒಳ್ಳೆಯದು ಅನ್ನಿಸಲಿಲ್ಲ. ಆಗಿದ್ದು ಇಷ್ಟು: ಅವಳು ಹಳೇ ಪುಸ್ತಕ ಕೇಳಿ ತೆಗೆಸಿದಳು. ನನ್ನನ್ನೂ ಓದಿಸಿದಳು. ಯಾರು ನೋಡಿದರು, ಯಾರು ಹೇಳಿದರು, ಯಾರು ಬರೆದರು ಎಂದು ಅಂಚಿನಲ್ಲಿ ಗುರುತು ಹಾಕುತ್ತಾ ಹೋದಳು. ಹದಿನಾಲ್ಕು ವರ್ಷದ ಹುಡುಗಿಗೆ ಇದಕ್ಕಿಂತ ಒಳ್ಳೆಯ ಓದು ಯಾವುದಿದೆ? ನನಗಂತೂ ತಿಳಿಯದು.

ಕಳ್ಳನನ್ನು ಹೀರೊ ಮಾಡಬಾರದು ಎಂದು ಸ್ವತಃ ಡಾಯ್ಲ್ ಹೇಳಿದ್ದರು. ಪತ್ರ ಬರೆದವರಿಗೆ ಇದು ಗೊತ್ತಿದ್ದರೆ ಖಂಡಿತ ಬಳಸಿಕೊಳ್ಳುತ್ತಿದ್ದರು, ಅದಕ್ಕೇ ನಾನೇ ಹೇಳಿಬಿಡುತ್ತೇನೆ. ಡಾಯ್ಲ್ ತಂಗಿಯ ಗಂಡ ಇ. ಡಬ್ಲ್ಯು. ಹಾರ್ನಂಗ್ ಅವರೂ ಬರಹಗಾರರು. ರಾಫಲ್ಸ್ ಎಂಬ ಕ್ರಿಕೆಟ್ ಆಟಗಾರನೊಬ್ಬ ರಾತ್ರಿ ಹೊತ್ತು ಶ್ರೀಮಂತರ ಒಡವೆ ಕದಿಯುವ ಕಥೆಗಳನ್ನು ಬರೆದರು. 1899ರಲ್ಲಿ ಪುಸ್ತಕವಾಗಿ ಬಂದವು. ಅದನ್ನು ಡಾಯ್ಲ್‌ಗೇ ಅರ್ಪಿಸಿದರು. ಡಾಯ್ಲ್ ಆ ಕಥೆಗಳ ಕೈಚಳಕವನ್ನು ಮೆಚ್ಚಿಕೊಂಡರು, ಆದರೆ ಅಪರಾಧಿಯನ್ನು ನಾಯಕ ಮಾಡುವುದು ಅಪಾಯ ಎಂದರು. ಅವರ ಮಾತಿಗೆ ಬೆಲೆ ಇದೆ. ರಾಫಲ್ಸ್ ಕದಿಯುವುದನ್ನು ನಾವು ಕಣ್ಣಾರೆ ನೋಡುತ್ತೇವೆ, ಅವನ ಜೊತೆಗೇ ನಡೆಯುತ್ತೇವೆ. ಮೊರಿಯಾರ್ಟಿಯ ಪ್ರಶ್ನೆ ಬೇರೆ. ಅವನನ್ನು ನಾವು ನೋಡೇ ಇಲ್ಲ.

ಇನ್ನು ಇದು ಪಶ್ಚಿಮದ ಚಾಳಿ ಎಂಬ ಮಾತು. ರನ್ನನ ಗದಾಯುದ್ಧ ಓದಿದ ಕನ್ನಡಿಗರು ಹೀಗೆ ಹೇಳಬಾರದು. ಸಾವಿರ ವರ್ಷದ ಹಿಂದೆಯೇ ನಮ್ಮ ಕವಿ ದುರ್ಯೋಧನನನ್ನು ರಣರಂಗದಲ್ಲಿ ಹೆಣಗಳ ನಡುವೆ ನಡೆಸಿದ. ಅಲ್ಲಿ ಅವನು ವೈರಿಯ ಮಗ ಅಭಿಮನ್ಯುವಿನ ಶವದ ಮುಂದೆ ಕೈ ಮುಗಿದು, ನಿನ್ನ ಸಾಹಸದಲ್ಲಿ ಒಂದು ಪಾಲಿನಷ್ಟಾದರೂ ಇರುವ ಸಾವು ನನಗೂ ಬರಲಿ ಎಂದು ಬೇಡಿಕೊಳ್ಳುತ್ತಾನೆ. ನಾಗಚಂದ್ರನ ರಾವಣ ಸೀತೆಯ ಮುಂದೆ ನಾಚಿ, ಮನಸ್ಸು ತಿರುಗಿ ಪಶ್ಚಾತ್ತಾಪ ಪಡುತ್ತಾನೆ. ಇವನ್ನು ನಮ್ಮ ಮಕ್ಕಳಿಗೆ ಪಠ್ಯದಲ್ಲೇ ಇಟ್ಟಿದ್ದೇವೆ. ಯಾರೂ ಕೆಟ್ಟಿಲ್ಲ.

ಈಗ ನನ್ನ ಸ್ವಂತ ವಿಷಯ. ಇದನ್ನು ಬರೆಯಲೋ ಬೇಡವೋ ಎಂದು ಎರಡು ದಿನ ಯೋಚಿಸಿದೆ.

ನಾನು ಕೆಲಸಕ್ಕೆ ಸೇರಿದ ಹೊಸತು. ಯಾವ ಊರು, ಯಾವ ಕಾಲೇಜು ಎಂದು ಬೇಡ. ಪರೀಕ್ಷೆ ಫೀಸಿಗೆಂದು ಕ್ಲಾಸಿನಲ್ಲಿ ಸೇರಿಸಿದ್ದ ದುಡ್ಡು ಕಾಣೆಯಾಯಿತು. ಮುನ್ನೂರು ಚಿಲ್ಲರೆ ರೂಪಾಯಿ, ಆಗ ದೊಡ್ಡ ಮೊತ್ತವೇ. ಕ್ಲಾಸಿಗೆ ಮೊದಲಿಗನಾದ ಹುಡುಗ ಎದ್ದು ನಿಂತು ಹಿಂದಿನ ಬೆಂಚಿನ ಒಬ್ಬನ ಹೆಸರು ಹೇಳಿದ. ಮಧ್ಯಾಹ್ನ ಮೇಜಿನ ಹತ್ತಿರ ಸುಳಿದಾಡುತ್ತಿದ್ದ ಅಂದ. ಸುಳ್ಳು ಹೇಳುವ ಹುಡುಗ ಅಲ್ಲ ಅವನು. ನಮಗೆಲ್ಲ ಅವನ ಮೇಲೆ ಪೂರ್ತಿ ನಂಬಿಕೆ. ಸ್ಟಾಫ್ ರೂಮಿನಲ್ಲಿ ಯಾರೂ ಎರಡನೇ ಪ್ರಶ್ನೆ ಕೇಳಲಿಲ್ಲ. ನಾನೂ ಕೇಳಲಿಲ್ಲ. ಹಿಂದಿನ ಬೆಂಚಿನವನನ್ನು ನಾಲ್ಕು ದಿನ ಹೊರಗೆ ವರಾಂಡದಲ್ಲಿ ನಿಲ್ಲಿಸಿದರು. ಐದನೇ ದಿನ ದುಡ್ಡು ಸಿಕ್ಕಿತು, ಬೀರುವಿನಲ್ಲಿದ್ದ ಹಳೇ ಹಾಜರಿ ಪುಸ್ತಕದ ಒಳಗೆ. ಅಲ್ಲಿ ಇಟ್ಟವರು ನಮ್ಮವರೇ, ಮರೆತಿದ್ದರು. ಹುಡುಗ ಒಳಗೆ ಬಂದು ತನ್ನ ಜಾಗದಲ್ಲಿ ಕೂತ. ಆಮೇಲೆ ಆ ವರ್ಷವಿಡೀ ನನ್ನ ಕ್ಲಾಸಿನಲ್ಲಿ ಅವನು ಒಂದು ಸಲವೂ ಕೈ ಎತ್ತಲಿಲ್ಲ. ಮೊದಲಿಗ ಹುಡುಗ ಸುಳ್ಳು ಹೇಳಿರಲಿಲ್ಲ. ಹಿಂದಿನ ಬೆಂಚಿನವನು ಮೇಜಿನ ಹತ್ತಿರ ಇದ್ದದ್ದು ನಿಜ. ನೀರಿನ ಹೂಜಿ ಅಲ್ಲೇ ಇತ್ತು.

ಮೊಮ್ಮಗಳು "ಸರಿಯಾಗಿ ಹೇಳಿ ಅಜ್ಜಿ" ಅಂದಾಗ ನನ್ನ ಮಾತು ನಿಂತಿತು ಎಂದೆನಲ್ಲ, ಆಗ ನೆನಪಾದದ್ದು ಆ ವರಾಂಡ.

ಇನ್ನೊಂದು ಕಾರಣಕ್ಕೂ ಈ ಪ್ರೊಫೆಸರ್ ನನಗೆ ಬೇಕಾದವನು. ಅವನು ನನ್ನ ವಿಷಯದವನು. ಇಪ್ಪತ್ತೊಂದನೇ ವಯಸ್ಸಿನಲ್ಲಿ ದ್ವಿಪದ ಪ್ರಮೇಯದ ಮೇಲೆ ಪ್ರಬಂಧ ಬರೆದ, ಅದು ಯುರೋಪಿನಲ್ಲೆಲ್ಲ ಹೆಸರು ಮಾಡಿತು, ಅದರಿಂದಲೇ ಒಂದು ಸಣ್ಣ ವಿಶ್ವವಿದ್ಯಾಲಯದಲ್ಲಿ ಗಣಿತದ ಪ್ರೊಫೆಸರ್ ಆದ ಎನ್ನುತ್ತದೆ ಕಥೆ. ಎ ಪ್ಲಸ್ ಬಿ ಹೋಲ್ ಸ್ಕ್ವೇರ್ ಎಲ್ಲರಿಗೂ ನೆನಪಿರುತ್ತದೆ. ಸ್ಕ್ವೇರ್ ಬದಲು ಯಾವ ಘಾತ ಬಂದರೂ ಬಿಡಿಸುವ ದಾರಿಯೇ ದ್ವಿಪದ ಪ್ರಮೇಯ. ನಾನು ಅದನ್ನು ಶುರು ಮಾಡುತ್ತಿದ್ದದ್ದು ನಮ್ಮ ಪ್ರಾಚೀನ ಪಂಡಿತ ಪಿಂಗಳನ ಛಂದಸ್ಸಿನಿಂದ. ಹತ್ತನೇ ಶತಮಾನದ ಹಲಾಯುಧ ವಿವರಿಸಿದ ಮೇರು ಪ್ರಸ್ತಾರವನ್ನು ಬೋರ್ಡಿನ ಮೇಲೆ ಬರೆಯುತ್ತಿದ್ದೆ: ಒಂದು, ಅದರ ಕೆಳಗೆ ಒಂದು ಒಂದು, ಅದರ ಕೆಳಗೆ ಒಂದು ಎರಡು ಒಂದು. ಪದ್ಯದ ಲಘು ಗುರು ಎಣಿಸುತ್ತಾ ಹೋದರೂ, ಎ ಪ್ಲಸ್ ಬಿ ಘಾತ ಬಿಡಿಸಿದರೂ ಬರುವುದು ಅದೇ ಸಂಖ್ಯೆಗಳು. ನ್ಯೂಟನ್ ಹದಿನೇಳನೇ ಶತಮಾನದಲ್ಲಿ ಇದನ್ನು ಭಿನ್ನರಾಶಿಯ ಘಾತಗಳಿಗೂ ಹಿಗ್ಗಿಸಿದ. ನಾರ್ವೆಯ ಅಬೆಲ್ 1826ರಲ್ಲಿ ಅದಕ್ಕೆ ಬಿಗಿಯಾದ ರುಜುವಾತು ಕೊಟ್ಟ, ಮೂರು ವರ್ಷದ ಮೇಲೆ 26ನೇ ವಯಸ್ಸಿಗೇ ತೀರಿಕೊಂಡ. ಇಷ್ಟೆಲ್ಲ ಆದ ಮೇಲೆ ಇಪ್ಪತ್ತೊಂದರ ಹುಡುಗ ಹೊಸದಾಗಿ ಏನು ಹೇಳಿರಬಹುದು? ಡಾಯ್ಲ್ ಹೇಳಲಿಲ್ಲ. ಕ್ಷುದ್ರಗ್ರಹದ ಚಲನೆಯ ಮೇಲೆ ಅವನು ಬರೆದ ಪುಸ್ತಕವನ್ನು ವಿಮರ್ಶೆ ಮಾಡುವ ಶಕ್ತಿ ಯಾವ ವಿಜ್ಞಾನ ಪತ್ರಿಕೆಯವರಿಗೂ ಇರಲಿಲ್ಲವಂತೆ. ಆ ಪುಸ್ತಕ ಓದಲು ನಾನು ಏನು ಬೇಕಾದರೂ ಕೊಡುತ್ತೇನೆ. ಇಷ್ಟು ಓದಿದ ಮನುಷ್ಯನನ್ನು ಒಂದೇ ಕಥೆಯಲ್ಲಿ ನೀರಿಗೆ ತಳ್ಳಿಬಿಟ್ಟರಲ್ಲ ಎಂಬ ಸಂಕಟ ನನಗೆ ಈಗಲೂ ಇದೆ. ಅವನನ್ನು ಮತ್ತೆ ಎಬ್ಬಿಸಿ ಕೂರಿಸಿ, ಅವನ ಬಾಯಿಂದ ನಾಲ್ಕು ಮಾತು ಆಡಿಸುವ ಯಾವ ಲೇಖಕರಿಗೂ ನಾನು ಋಣಿ.

ನಿಮ್ಮಲ್ಲಿ ಎರಡು ಬೇಡಿಕೆ ಇದೆ. ಹೋಮ್ಸ್ ಕಥೆಗಳು ಕನ್ನಡಕ್ಕೆ ಹಿಂದಿನಿಂದಲೂ ಬರುತ್ತಿವೆ. ಇಂಥ ತಿರುವು ಹಾಕಿದ ಕಥೆಗಳೂ ಕನ್ನಡದಲ್ಲಿ ಬರಲಿ. ಅನುವಾದಕರು, ಪ್ರಕಾಶಕರು ಮನಸ್ಸು ಮಾಡುವ ಹಾಗೆ ನಿಮ್ಮ ಪುರವಣಿಯಲ್ಲಿ ಒಂದು ಪುಟ ಕೊಡಿ. ತಿಪಟೂರಿನಂಥ ಊರಿನ ಹುಡುಗರಿಗೆ ಇಂಗ್ಲಿಷ್ ಕಾದಂಬರಿ ಅಷ್ಟು ಸುಲಭಕ್ಕೆ ಕೈಗೆ ಸಿಗುವುದಿಲ್ಲ, ಸಿಕ್ಕರೂ ಓದಿ ನಗುವಷ್ಟು ಸಲೀಸಾಗಿರುವುದಿಲ್ಲ. ನಗುವುದಕ್ಕೆ ಅವರವರ ಭಾಷೆಯೇ ಬೇಕು.

ಎರಡನೆಯದು, ಮಕ್ಕಳ ಪುಟದಲ್ಲಿ ಒಂದು ಸ್ಪರ್ಧೆ ಇಡಿ. ವಾಟ್ಸನ್ ನಮಗೆ ತೋರಿಸದ ಆ ಪತ್ರವನ್ನು ಮಕ್ಕಳು ಬರೆಯಲಿ. ಸತ್ತ ಸಹೋದರನ ಮರ್ಯಾದೆಗಾಗಿ ಕರ್ನಲ್ ಜೇಮ್ಸ್ ಮೊರಿಯಾರ್ಟಿ ಪತ್ರಿಕೆಯ ಸಂಪಾದಕರಿಗೆ ಬರೆದದ್ದು. ಒಂದೇ ಷರತ್ತು: ಹಳೇ ಕಥೆಯಲ್ಲಿ ಇರುವ ಯಾವ ಸಂಗತಿಯನ್ನೂ ಅಳಿಸುವ ಹಾಗಿಲ್ಲ. ಗುಂಪಿನ ವಿಚಾರಣೆಗೂ ಉತ್ತರ ಕೊಡಬೇಕು, ಗೋಡೆಯ ಮೇಲಿನ ಚಿತ್ರಕ್ಕೂ ಉತ್ತರ ಕೊಡಬೇಕು.

ನನ್ನ ಮೊಮ್ಮಗಳು ಬೆಂಗಳೂರಿಗೆ ಹೋದವಳೇ ಬರೆಯಲು ಕೂತಿದ್ದಾಳೆ. ಮೊನ್ನೆ ರಾತ್ರಿ ಫೋನ್ ಮಾಡಿದ್ದಳು. "ಅಜ್ಜಿ, ಮೊದಲನೇ ಕಥೇಲಿ ಕರ್ನಲ್ ಹೆಸರು ಜೇಮ್ಸ್. ಹೋಮ್ಸ್ ವಾಪಸ್ ಬಂದ ಕಥೇಲಿ ಪ್ರೊಫೆಸರ್ ಹೆಸರೂ ಜೇಮ್ಸ್. ಒಂದೇ ಮನೇಲಿ ಇಬ್ಬರಿಗೂ ಅದೇ ಹೆಸರು ಹೇಗೆ ಇಟ್ಟರು?" ಎಂದು ಕೇಳಿದಳು. ಎರಡೂ ಕಥೆಯ ಪುಟ ಸಂಖ್ಯೆ ಹೇಳಿ, ನೀನೇ ಇನ್ನೊಂದು ಸಲ ಓದು ಅಂದೆ.

ಇಂತಿ,
ನಿವೃತ್ತ ಗಣಿತ ಉಪನ್ಯಾಸಕಿ
ತಿಪಟೂರು